ಗ್ರಂಥ ವಿಮರ್ಶೆ: ಮುಪ್ಪಿಗೆ ಮೂಲವೆಲ್ಲಿ?

ಆಂಗ್ಲ ಜೀವರಸಾಯನಶಾಸ್ತ್ರಜ್ಞರಾದ ನಿಕ್ ಲೇನ್ ಅವರು 2005ರಲ್ಲಿ ಪ್ರಕಟಿಸಿದ ‘ಪವರ್, ಸೆಕ್ಸ್, ಸೂಯಿಸೈಡ್’ ಎಂಬ ಗ್ರಂಥದ ಹೆಸರು ಸಂತೆಯ ಕೂಗಿನಂತಿದೆ. ಒಳಗಿನ ವಿಷಯವಾದರೋ ಗಂಭೀರವಾದುದು. ನಮ್ಮ ಜೀವಕೋಶಗಳಲ್ಲಿರುವ ಮೈಟೊಕಾಂಡ್ರಿಯಗಳೇ ಅದರ ವಸ್ತು.

ಅನ್ನದಿಂದ ಶಕ್ತಿಯನ್ನು ಪಡೆಯುವ ಅಲ್ಲಿನ ಕಿಣ್ವಶ್ರೇಣಿಯಿಂದ ಎಲೆಕ್ಟ್ರಾನುಗಳು ಸೋರಿ, ಆಮ್ಲಜನಕದೊಡನೆ ಕೂಡಿ ಕೋಶವನ್ನು ಸವೆಯಿಸುವುವು. ಮುಪ್ಪಿಗೆ ಇದೇ ಮೂಲವೆಂದು ಗ್ರಂಥಕರ್ತರ ಪಕ್ಷ. ಇಲಿಯ ಆಯುಸ್ಸು ಮೂರು ನಾಲ್ಕು ವರ್ಷ. ಹೆಚ್ಚುಕಡಿಮೆ ಅದೇ ತೂಕದ ಪಾರಿವಾಳವು 30 ವರ್ಷಕ್ಕೂ ಮೀರಿ ಬದುಕಬಲ್ಲದು. ಅದರಲ್ಲಿ ಸೋರಿಕೆಯೂ ಅಲ್ಪ. ದೃಷ್ಟಾಂತವು ಮನೋಹರವೇ ಸರಿ. ಆದರೆ ಸಹಚಾರಮಾತ್ರದಿಂದ ವ್ಯಾಪ್ತಿಯು ಸಿದ್ಧಿಸದೆಂಬುದು ತರ್ಕದ ಮೊದಲ ಪಾಠ. ಗ್ರಂಥಕರ್ತರ ನಿಶ್ಚಯವು ಇಲ್ಲಿ ಪ್ರಮಾಣಕ್ಕಿಂತ ಮುಂದೋಡಿದೆ.

ಮೆದುಳಿನ ವಿಷಯದಲ್ಲಿ ಹೇತುವು ಇದಕ್ಕಿಂತ ಬಲವಾದುದು. 1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಎಂಪಿಟಿಪಿ ಎಂಬ ವಿಷವು ಬೆರೆತ ಮಾದಕವನ್ನು ಚುಚ್ಚಿಕೊಂಡ ಕೆಲವರು, ಮುಪ್ಪು ಇನ್ನೂ ದೂರವಿದ್ದಾಗಲೇ, ಪಾರ್ಕಿನ್ಸನ್ ರೋಗಿಗಳಂತೆ ಸ್ತಬ್ಧರಾದರು. ಆ ವಿಷವು ದೇಹದಲ್ಲಿ ಮಾರ್ಪಟ್ಟು, ಈ ಶ್ರೇಣಿಯ ಮೊದಲನೆಯ ಕಿಣ್ವವನ್ನೇ ತಡೆಯುವುದೆಂದು ಅನಂತರ ತಿಳಿದುಬಂದಿತು.

ಹಾಗೆಂದು ಕಾರಣವನ್ನು ಕಂಡೊಡನೆ ಔಷಧವು ಕೈಸೇರದು. ಆ ಶ್ರೇಣಿಗೆ ನೆರವಾಗುವ ಕೋಎಂಜೈಮ್ ಕ್ಯೂ10ನ್ನು ಇದೇ ರೋಗದ ಆರಂಭದಲ್ಲಿದ್ದ 600 ಜನರಲ್ಲಿ ಪರೀಕ್ಷಿಸಲಾಗಿ, ಗುಣವೇನೂ ಕಾಣಲಿಲ್ಲವೆಂದು 2014ರಲ್ಲಿ ಪ್ರಕಟವಾಯಿತು. ಲೇನ್ ಅವರೂ ಮುಪ್ಪನ್ನು ತಡೆಯುವೆನೆಂಬ ಗುಳಿಗೆಗಳನ್ನು ನೆಚ್ಚಿದವರಲ್ಲ. ಇದು ಗ್ರಂಥದ ದೊಡ್ಡ ಗುಣ.

ಕೈ ನಡುಗುವ ತಂದೆಗಾಗಿ ಸಾಲಮಾಡಿ ಗುಳಿಗೆ ತರುವ ಮಕ್ಕಳನ್ನು ಬಲ್ಲೆನು. ಅರುವತ್ತು ದಾಟಿದ ನಾನೂ ಆ ಆಸೆಗೆ ಹೊರತಲ್ಲ. ಆದುದರಿಂದಲೇ ಈ ಗ್ರಂಥವನ್ನು ಓದಿರೆನ್ನುತ್ತೇನೆ. ಆದರೆ ಅರಿವಿಗಾಗಿ ಓದಿರಿ, ಅಭಯಕ್ಕಾಗಿ ಅಲ್ಲ.