ಗಾಯವುಳ್ಳ ದೇವರು ಮತ್ತು ಸಹಾಯಕಿಯ ಸಂಬಳ

ನ್ಯಾನ್ಸಿ ಈಸ್‌ಲಂಡ್ ಅವರು 1994ರಲ್ಲಿ ಪ್ರಕಟಿಸಿದ ‘ದಿ ಡಿಸೇಬಲ್ಡ್ ಗಾಡ್’ ಗ್ರಂಥವು ಲೂಕ 24ನೆಯ ಅಧ್ಯಾಯದಿಂದ ಬಲ ಪಡೆಯುತ್ತದೆ. ಪುನರುತ್ಥಿತನಾದ ಕ್ರಿಸ್ತನು ಶಿಷ್ಯರಿಗೆ ತೋರಿಸಿದ್ದು ತನ್ನ ಕೈಕಾಲುಗಳನ್ನೇ; ಮಹಿಮೆಯು ಆ ಗಾಯಗಳನ್ನು ಅಳಿಸಲಿಲ್ಲ. ಅಂಗವೈಕಲ್ಯವನ್ನು ಪಾಪದ ಫಲವೆಂದೋ ದಾನಿಗಳ ಪುಣ್ಯಕ್ಕೆ ಸಾಧನವೆಂದೋ ಬೋಧಿಸುವ ಪ್ರಸಂಗಪೀಠಕ್ಕೆ ಇದಕ್ಕಿಂತ ತೀಕ್ಷ್ಣವಾದ ಉತ್ತರವನ್ನು ನಾವು ಕಾಣೆವು.

ಆದರೆ ಗ್ರಂಥ ಹುಟ್ಟಿದ ನೆಲ ಅಮೆರಿಕದ್ದು. 1972ರಲ್ಲಿ ಬರ್ಕ್ಲಿಯಲ್ಲಿ ಕೇಂದ್ರ ತೆರೆದ ಸ್ವತಂತ್ರ ಜೀವನ ಚಳವಳಿಯ ಪ್ರಕಾರ, ಸಹಾಯಕರನ್ನು ನೇಮಿಸುವವರೂ ಬಿಡಿಸುವವರೂ ಅಂಗವಿಕಲರೇ. ಬಿಡದಿ ಸಮೀಪದ ಬೈರಮಂಗಲದಂಥ ಊರಿನಲ್ಲಿ ಆ ಸಹಾಯಕಿ ಸಾಮಾನ್ಯವಾಗಿ ತಾಯಿ, ಇಲ್ಲವೆ ಸೊಸೆ. ಆಕೆಗೆ ಸಂಬಳವೂ ಇಲ್ಲ, ಬಿಡುವೂ ಇಲ್ಲ. ಈಸ್‌ಲಂಡ್ ಅವರ ದೈವಶಾಸ್ತ್ರವು ಈ ದುಡಿಮೆಯ ಲೆಕ್ಕವನ್ನು ಸಾಕಷ್ಟು ಕೇಳಿಲ್ಲವೆಂಬುದೇ ನಮ್ಮ ಆಕ್ಷೇಪ.

ಇಲ್ಲಿ ವಿಶ್ವಸಂಸ್ಥೆಯ 2006ರ ಒಡಂಬಡಿಕೆ (ಭಾರತ ಅದನ್ನು 2007ರಲ್ಲಿ ಅನುಮೋದಿಸಿತು) ನೆರವಿಗೆ ಬರುತ್ತದೆ. ಎಲ್ಲಿ, ಯಾರೊಡನೆ ಬಾಳಬೇಕೆಂಬ ಆಯ್ಕೆಯನ್ನು 19ನೆಯ ವಿಧಿ ವ್ಯಕ್ತಿಗೇ ಬಿಡುತ್ತದೆ. ಅಂತರರಾಷ್ಟ್ರೀಯ ಅಭಿವೃದ್ಧಿ ಸಹಕಾರವು ಅಂಗವಿಕಲರನ್ನು ಒಳಗೊಳ್ಳಬೇಕೆಂದು 32ನೆಯದು ವಿಧಿಸುತ್ತದೆ. ಎರಡನ್ನೂ ಕೂಡಿಸಿ ಓದಿದರೆ ನಮ್ಮ ಸಭೆಗಳಿಗೆ ಮುಜುಗರ ತಪ್ಪದು. ಹೊರದೇಶದ ಕಾಣಿಕೆಯಿಂದ ಕಟ್ಟಿದ ಆಶ್ರಯಧಾಮವು ವರದಿಯ ಛಾಯಾಚಿತ್ರಕ್ಕೆ ಸುಲಭವಾಗಿ ಒದಗುತ್ತದೆ. ಸಹಾಯಕಿಯ ಸಂಬಳ ಒದಗುವುದಿಲ್ಲ. ಧಾಮಗಳ ಉಪಕಾರವನ್ನು ನಾವು ಅಲ್ಲಗಳೆಯೆವು. ಅನೇಕರಿಗೆ ಅಕ್ಷರ ಕಲಿಸಿದವು ಅವೇ. ಆದರೂ ಅವುಗಳ ಬಾಗಿಲನ್ನು ಒಳಗಿನವರು ತೆರೆಯಬಲ್ಲರೇ?

ಮಾರ್ಕ 10ರಲ್ಲಿ ಯೇಸು ಬಾರ್ತಿಮಾಯನ ಕುರುಡುತನವನ್ನು ಕಂಡೂ ಅವನ ಅಪೇಕ್ಷೆಯೇನೆಂದು ವಿಚಾರಿಸಿದನು. ಧನಸಹಾಯದ ಅರ್ಜಿಗಳಲ್ಲಿ ಆ ವಿಚಾರಣೆಗೆ ಸಾಮಾನ್ಯವಾಗಿ ಅಂಕಣವೇ ಇರುವುದಿಲ್ಲ.