ಉತ್ತರ ಬಾರದ ಪತ್ರಗಳು

1996ರ ಆಗಸ್ಟ್ 1ರಂದು ಬ್ರಿಟನ್ನಿನ ಸಂತಾನ ಚಿಕಿತ್ಸಾ ಕೇಂದ್ರಗಳು ಹಿಂದೆಂದೂ ಮಾಡಿರದ ಕೆಲಸವೊಂದಕ್ಕೆ ಕೈಹಚ್ಚಿದವು. ದ್ರವ ಸಾರಜನಕದ ಟ್ಯಾಂಕುಗಳಲ್ಲಿದ್ದ ಸುಮಾರು 3,300 ಭ್ರೂಣಗಳನ್ನು ಹೊರತೆಗೆದು ನಾಶಪಡಿಸುವ ಕೆಲಸ ಅದು. ಭ್ರೂಣವನ್ನು ಐದು ವರ್ಷ ಮಾತ್ರ ಕಾಪಿಡಬಹುದು ಎಂದು ಅಲ್ಲಿನ 1990ರ ಕಾಯ್ದೆ ಹೇಳಿತ್ತು. ಕಾಯ್ದೆ ಜಾರಿಗೆ ಬಂದದ್ದು 1991ರ ಆಗಸ್ಟ್ 1ರಂದು. ಗಡುವು ಹತ್ತಿರವಾದಾಗ ಸರ್ಕಾರ ಅವಧಿ ವಿಸ್ತರಣೆಗೂ ದಾರಿ ಮಾಡಿಕೊಟ್ಟಿತ್ತು, ದಂಪತಿ ಲಿಖಿತವಾಗಿ ಒಪ್ಪಿದರೆ ಸಾಕಿತ್ತು. ಕೇಂದ್ರಗಳು ಪತ್ರ ಬರೆದವು. ನೂರಾರು ದಂಪತಿಗಳಿಂದ ಉತ್ತರವೇ ಬರಲಿಲ್ಲ. ಇಟಲಿಯ ಕೆಲವು ಮಹಿಳೆಯರು ಆ ಭ್ರೂಣಗಳನ್ನು ತಾವೇ ಹೊತ್ತು ಹೆರಲು ಸಿದ್ಧ ಎಂದು ಮುಂದೆ ಬಂದರು. ಆದರೆ ಹೆತ್ತವರಾಗಬೇಕಿದ್ದವರ ಒಪ್ಪಿಗೆಯಿಲ್ಲದೆ ಭ್ರೂಣವನ್ನು ಇನ್ನೊಬ್ಬರಿಗೆ ಕೊಡುವಂತಿರಲಿಲ್ಲ.

ಆಗ ಎದ್ದ ವಾದವಿವಾದ ಬಹುಪಾಲು ಭ್ರೂಣಕ್ಕೆ ಜೀವವಿದೆಯೇ ಎಂಬ ಪ್ರಶ್ನೆಯ ಸುತ್ತಲೇ ತಿರುಗಿತು. ಅದೇನೂ ಸಣ್ಣ ಪ್ರಶ್ನೆಯಲ್ಲ. ಆದರೆ ಉತ್ತರ ಬರೆಯದವರ ಮೌನವೂ ಒಂದು ಉತ್ತರವೇ ಆಗಿತ್ತು. ಐವಿಎಫ್ ಎಂಬ ಚಿಕಿತ್ಸೆಯನ್ನು ನೈತಿಕವಾಗಿ ತೂಗಬೇಕಾದರೆ ಆ ಮೌನದಿಂದಲೇ ಆರಂಭಿಸುವುದು ಸರಿ. ಮಗುವಿಗಾಗಿ ವರ್ಷಗಟ್ಟಲೆ ಹಂಬಲಿಸಿ, ಸೂಜಿ ಚುಚ್ಚಿಸಿಕೊಂಡು, ಸಾಲ ಮಾಡಿ ಪಡೆದ ಭ್ರೂಣಗಳ ಬಗ್ಗೆ ಒಂದು ಸಾಲು ಬರೆಯಲು ಅಷ್ಟೊಂದು ಜನರಿಗೆ ಏಕೆ ಕೈ ಬರಲಿಲ್ಲ?

ಭ್ರೂಣಗಳು ಉಳಿಯುವುದೇಕೆ ಎಂಬುದು ಮೊದಲು ಗೊತ್ತಾಗಬೇಕು. ಹೆಣ್ಣಿನ ದೇಹ ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡಾಣುವನ್ನು ಪಕ್ವಗೊಳಿಸುತ್ತದೆ. ಐವಿಎಫ್‌ನಲ್ಲಿ ಹತ್ತು ಹನ್ನೆರಡು ದಿನ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಒಂದೇ ಸಲಕ್ಕೆ ಎಂಟು, ಹತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ಅಂಡಾಣುಗಳನ್ನು ಬೆಳೆಸಿ ಹೊರತೆಗೆದು, ಪ್ರಯೋಗಾಲಯದಲ್ಲಿ ವೀರ್ಯಾಣುವಿನೊಂದಿಗೆ ಕೂಡಿಸುತ್ತಾರೆ. ಅವುಗಳಲ್ಲಿ ಎಲ್ಲವೂ ಫಲಿತಗೊಳ್ಳುವುದಿಲ್ಲ, ಫಲಿತಗೊಂಡವೆಲ್ಲ ಐದನೆಯ ದಿನದ ಬ್ಲಾಸ್ಟೊಸಿಸ್ಟ್ ಹಂತ ಮುಟ್ಟುವುದೂ ಇಲ್ಲ. ಮುಟ್ಟಿದವುಗಳಲ್ಲಿ ಒಂದನ್ನೋ ಎರಡನ್ನೋ ಗರ್ಭಕೋಶಕ್ಕೆ ಸೇರಿಸಿ, ಮಿಕ್ಕವನ್ನು ಮೈನಸ್ 196 ಡಿಗ್ರಿಯಲ್ಲಿ ಫ್ರೀಜ್ ಮಾಡಿಡುತ್ತಾರೆ. ಮೊದಲ ಯತ್ನ ಫಲಿಸದಿದ್ದರೆ ಅವೇ ಆಸರೆ. ಮೊದಲ ಯತ್ನದಲ್ಲೇ ಮಗುವಾಯಿತೆಂದರೆ ಅವು ಅಲ್ಲೇ ಉಳಿಯುತ್ತವೆ.

ಶೈತ್ಯೀಕರಣವನ್ನೇ ತಪ್ಪೆನ್ನುವವರು ಭಾರತದ ಕಥೆಯನ್ನೊಮ್ಮೆ ಓದಬೇಕು. ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ‘ದುರ್ಗಾ’ ಹುಟ್ಟಿದಳು. ಅವಳು ಬೆಳೆದದ್ದು 53 ದಿನ ಫ್ರೀಜ್ ಆಗಿದ್ದ ಭ್ರೂಣದಿಂದ. ಹಾರ್ಮೋನಿನ ಒತ್ತಡಕ್ಕೆ ಸಿಕ್ಕಿದ ತಿಂಗಳಲ್ಲಿ ಗರ್ಭಕೋಶ ಭ್ರೂಣವನ್ನು ಸರಿಯಾಗಿ ಬರಮಾಡಿಕೊಳ್ಳಲಾರದು, ದೇಹ ತನ್ನ ಸಹಜ ಲಯಕ್ಕೆ ಮರಳಿದ ಮೇಲೆ ಸೇರಿಸಬೇಕು ಎಂಬುದು ಅವರ ಲೆಕ್ಕಾಚಾರ. ಇಂದು ಜಗತ್ತಿನ ಅನೇಕ ಕೇಂದ್ರಗಳು ಅದನ್ನೇ ಪಾಲಿಸುತ್ತಿವೆ. ಅಂದಿನ ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ಸಮಿತಿ ಮಾತ್ರ ಅವರ ಮಾತನ್ನು ನಂಬಲಿಲ್ಲ. 1981ರಲ್ಲಿ ಅವರು ತಮ್ಮ ಜೀವ ತಾವೇ ಕಳೆದುಕೊಂಡರು. ದೇಶದ ಮೊದಲ ಪ್ರನಾಳ ಶಿಶುವಿನ ಕೀರ್ತಿ 1986ರಲ್ಲಿ ಮುಂಬೈಯ ತಂಡಕ್ಕೆ ಸಂದಿತ್ತು. ಆ ತಂಡದಲ್ಲಿದ್ದ ಡಾ. ಟಿ.ಸಿ. ಆನಂದ್ ಕುಮಾರ್ ಅವರೇ ಮುಂದೆ ಮುಖೋಪಾಧ್ಯಾಯರ ಟಿಪ್ಪಣಿಗಳನ್ನೆಲ್ಲ ಓದಿ, ಆ ಗೌರವ ತನ್ನದಲ್ಲ, ಅವರದು ಎಂದು 1997ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತನಗೆ ಸಂದ ಕೀರ್ತಿಯನ್ನು ಸಾಕ್ಷಿ ಸಮೇತ ಇನ್ನೊಬ್ಬರಿಗೆ ಒಪ್ಪಿಸುವ ಇಂಥ ದೊಡ್ಡತನ ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ.

ಅಂದರೆ ನಮ್ಮಲ್ಲಿ ಶೈತ್ಯೀಕರಣ ಶುರುವಾದದ್ದು ತಾಯಿಯ ದೇಹಕ್ಕೆ ವಿರಾಮ ಕೊಡುವುದಕ್ಕೆ. ಇಂದಿಗೂ ಅದರ ದೊಡ್ಡ ಸಮರ್ಥನೆ ಅದೇ. ಉಳಿಸಿಡುವ ಸೌಕರ್ಯ ಇಲ್ಲದಿದ್ದರೆ ವೈದ್ಯರು ಮೂರು ನಾಲ್ಕು ಭ್ರೂಣಗಳನ್ನು ಒಟ್ಟಿಗೇ ಸೇರಿಸುವ ಒತ್ತಡಕ್ಕೆ ಬೀಳುತ್ತಾರೆ. ಅವಳಿ, ತ್ರಿವಳಿ ಬಸಿರು ತಾಯಿಗೂ ಅಪಾಯ, ದಿನ ತುಂಬುವ ಮೊದಲೇ ಹುಟ್ಟುವ ಮಕ್ಕಳಿಗೂ ಅಪಾಯ. ಇಟಲಿ 2004ರಲ್ಲಿ ಈ ಪ್ರಶ್ನೆಯನ್ನು ಒಂದೇ ಏಟಿಗೆ ಬಗೆಹರಿಸಲು ಹೊರಟಿತು. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಭ್ರೂಣ ಸೃಷ್ಟಿಸಬಾರದು, ಆದವನ್ನೆಲ್ಲ ಗರ್ಭಕ್ಕೆ ಸೇರಿಸಲೇಬೇಕು, ಉಳಿಸುವಂತಿಲ್ಲ ಎಂಬ ಕಾನೂನು. ಭ್ರೂಣ ಉಳಿಯಲಿಲ್ಲ ನಿಜ. ಅದರ ಬೆಲೆಯನ್ನು ಹೆಂಗಸರು ತೆತ್ತರು. ಕೆಲವರಿಗೆ ಬೇಡದ ತ್ರಿವಳಿಯ ಭಯ, ಕೆಲವರಿಗೆ ಮತ್ತೆ ಮತ್ತೆ ಅದೇ ಇಂಜೆಕ್ಷನ್ನು, ಅದೇ ಶಸ್ತ್ರಕ್ರಿಯೆ. 2009ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಮಿತಿಯನ್ನು ತೆಗೆದುಹಾಕಿತು. ಭ್ರೂಣದ ಮೇಲಿನ ಕನಿಕರ ಅದನ್ನು ಹೊರಬೇಕಾದವಳ ಮೇಲಿನ ಕಾಠಿಣ್ಯವಾದರೆ ಅಂಥ ಕಾನೂನನ್ನು ನೈತಿಕ ಎನ್ನಲಾಗದು.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದದ್ದು ಅಮೆರಿಕದ ಅಲಬಾಮಾ. 2020ರಲ್ಲಿ ಅಲ್ಲಿನ ಆಸ್ಪತ್ರೆಯೊಂದರ ಶೇಖರಣಾ ಕೊಠಡಿಗೆ ರೋಗಿಯೊಬ್ಬರು ನುಗ್ಗಿ ಭ್ರೂಣಗಳನ್ನು ಕೈಗೆತ್ತಿಕೊಂಡರು. ಚಳಿಯ ಸುಡುವಿಕೆ ತಾಳದೆ ಅವು ಕೈಜಾರಿ ನೆಲಕ್ಕೆ ಬಿದ್ದು ನಾಶವಾದವು. ಆ ಭ್ರೂಣಗಳ ಹೆತ್ತವರು ಮೊಕದ್ದಮೆ ಹೂಡಿದರು. 2024ರ ಫೆಬ್ರವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, 1872ರ ಕಾನೂನೊಂದನ್ನು ಆಧರಿಸಿ, ಗರ್ಭದ ಹೊರಗಿದ್ದರೂ ಅವು ಮಕ್ಕಳೇ ಎಂದು ತೀರ್ಪಿತ್ತಿತು. ಮಗು ಎಂದಾದರೆ ಪ್ರಯೋಗಾಲಯದಲ್ಲಿ ಕೈತಪ್ಪಿದ್ದೆಲ್ಲ ಸಾವಾಗುತ್ತದೆ. ಹೆದರಿದ ಕೇಂದ್ರಗಳು ಚಿಕಿತ್ಸೆ ನಿಲ್ಲಿಸಿದವು, ಇಂಜೆಕ್ಷನ್ ಆರಂಭಿಸಿದ್ದ ಹೆಂಗಸರು ಅರ್ಧ ದಾರಿಯಲ್ಲಿ ಸಿಕ್ಕಿಬಿದ್ದರು. ಮೂರು ವಾರದೊಳಗೆ ಶಾಸನಸಭೆ ಕೇಂದ್ರಗಳಿಗೆ ರಕ್ಷಣೆ ಕೊಡುವ ಕಾಯ್ದೆ ತರಬೇಕಾಯಿತು. ಇದಕ್ಕಿಂತ 1992ರ ಟೆನೆಸಿ ತೀರ್ಪು ಹೆಚ್ಚು ವಿವೇಕದ್ದು. ವಿಚ್ಛೇದನ ಪಡೆದ ದಂಪತಿಯ ಏಳು ಭ್ರೂಣಗಳ ವಿವಾದದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಭ್ರೂಣ ವ್ಯಕ್ತಿಯೂ ಅಲ್ಲ, ಆಸ್ತಿಯೂ ಅಲ್ಲ, ಮನುಷ್ಯನಾಗಬಲ್ಲ ಶಕ್ತಿ ಇರುವುದರಿಂದ ವಿಶೇಷ ಗೌರವಕ್ಕೆ ಪಾತ್ರವಾದದ್ದು ಎಂದಿತು.

ನಮ್ಮ ಪರಂಪರೆಯೂ ಈ ನಡುದಾರಿಗೆ ಹತ್ತಿರದ್ದೇ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಶುಕ್ರ, ಶೋಣಿತ, ಜೀವ ಈ ಮೂರೂ ಕೂಡಿ ತಾಯಿಯ ಕುಕ್ಷಿಯಲ್ಲಿ ನೆಲೆಸಿದಾಗ ಅದನ್ನು ಗರ್ಭ ಎಂದು ಕರೆಯಲಾಗಿದೆ. ಒಡಲು ಆ ವ್ಯಾಖ್ಯೆಯಲ್ಲೇ ಸೇರಿಕೊಂಡಿದೆ. ನಮ್ಮ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಲ್ಲಿ ಒಡಲಿನ ಮಾತಿಲ್ಲ. ಫಲಿತಗೊಂಡ ಕ್ಷಣದಿಂದ 56 ದಿನದವರೆಗಿನದೆಲ್ಲ ಭ್ರೂಣ. ಗಾಜಿನ ತಟ್ಟೆಯಲ್ಲಿ ಜೀವ ಶುರುವಾಗಬಹುದೆಂದು ಗೊತ್ತಿರದ ಕಾಲದ ವೈದ್ಯ ಮತ್ತು ಅದನ್ನೇ ನಿಯಂತ್ರಿಸಬೇಕಾದ ಕಾಲದ ಶಾಸಕ, ಇಬ್ಬರೂ ತಮ್ಮ ತಮ್ಮ ಕಾಲಕ್ಕೆ ಸರಿಯೇ. ಆದರೆ ನಡುವೆ ಒಂದು ಜಾಗ ಖಾಲಿ ಉಳಿಯಿತು. ಸೀಮಂತದಿಂದ ತಿಥಿಯವರೆಗೆ ಎಲ್ಲಕ್ಕೂ ಒಂದು ಶಾಸ್ತ್ರವಿರುವ ನಮ್ಮ ಮನೆಗಳಲ್ಲಿ, ಒಡಲು ಸೇರದೆ ಕಾಯುತ್ತಿರುವ ಈ ಜೀವಕಣಕ್ಕೆ ಒಂದು ಹೆಸರೂ ಇಲ್ಲ.

2005ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ನಾಕ್ಟಿಗಾಲ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ದಾನಿಯ ಅಂಡಾಣುವಿನಿಂದ ಮಗು ಪಡೆದು, ಇನ್ನೂ ಭ್ರೂಣಗಳನ್ನು ಉಳಿಸಿಕೊಂಡಿದ್ದ 58 ದಂಪತಿಯನ್ನು ಅವರು ಮಾತಾಡಿಸಿದ್ದರು. ಬಹುಪಾಲು ಜನ ಏನೂ ತೀರ್ಮಾನಿಸಿರಲಿಲ್ಲ. ಕೆಲವರಿಗೆ ಅದು ಬರೀ ಜೀವಕೋಶಗಳ ಗುಂಪು, ಕೆಲವರಿಗೆ ಇರುವ ಮಗುವಿನ ತಮ್ಮ ಅಥವಾ ತಂಗಿ, ಇನ್ನು ಕೆಲವರಿಗೆ ಇರುವ ಮಗುವಿಗೆ ಏನಾದರೂ ಆದರೆ ಎಂಬ ಆತಂಕಕ್ಕೆ ವಿಮೆ. 1996ರ ಮೌನಕ್ಕೆ ಇಲ್ಲಿ ಅರ್ಥ ಸಿಗುತ್ತದೆ. ಮಗು ಹುಟ್ಟುವ ಮೊದಲು ಮೂರು ಭ್ರೂಣ ಎಂದರೆ ಮೂರು ಅವಕಾಶ. ಮಗು ಹುಟ್ಟಿ, ಅದರ ಮುಖ ಕಂಡ ಮೇಲೆ, ಮಿಕ್ಕ ಎರಡಕ್ಕೂ ಅದೇ ಮುಖದ ಹೋಲಿಕೆ ಬಂದುಬಿಡುತ್ತದೆ. ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಹೆಂಗಸು ಈಗ ತಾಯಿ. ವರ್ಷಕ್ಕೊಮ್ಮೆ ಶೇಖರಣಾ ಶುಲ್ಕ ಕಟ್ಟುವುದು ಇಂಥವರ ಪಾಲಿಗೆ ನಿರ್ಧಾರವನ್ನು ಇನ್ನೊಂದು ವರ್ಷ ಮುಂದೂಡುವ ದಾರಿಯಾಗುತ್ತದೆ.

ಹಾಗಾಗಿ ಒಪ್ಪಿಗೆ ಪತ್ರವೇ ಈ ಚಿಕಿತ್ಸೆಯ ಅತ್ಯಂತ ದುರ್ಬಲ ಭಾಗ. ದಂಪತಿ ಅದಕ್ಕೆ ಸಹಿ ಹಾಕುವುದು ಆಸೆ ತುಂಬಿ ತುಳುಕುವ ಹೊತ್ತಿನಲ್ಲಿ. ಬ್ರಿಟನ್ನಿನ ನಟಾಲಿ ಎವಾನ್ಸ್ 2001ರಲ್ಲಿ ಕ್ಯಾನ್ಸರ್-ಪೂರ್ವ ಗೆಡ್ಡೆಗಳಿಂದಾಗಿ ಅಂಡಾಶಯ ತೆಗೆಸಿಕೊಳ್ಳುವ ಮುನ್ನ ಸಂಗಾತಿಯೊಂದಿಗೆ ಆರು ಭ್ರೂಣಗಳನ್ನು ಫ್ರೀಜ್ ಮಾಡಿಸಿದ್ದರು. ಸಂಬಂಧ ಮುರಿಯಿತು, ಆತ ಒಪ್ಪಿಗೆ ಹಿಂಪಡೆದ. ತನ್ನ ರಕ್ತದ ಮಗುವಿಗೆ ಆಕೆಗಿದ್ದ ಕೊನೆಯ ದಾರಿ ಅದೊಂದೇ. ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2007ರಲ್ಲಿ 13–4ರ ಬಹುಮತದಿಂದ ಆಕೆಯ ಮನವಿ ತಳ್ಳಿಹಾಕಿತು. ಒಬ್ಬರನ್ನು ಬಲವಂತವಾಗಿ ತಂದೆಯಾಗಿಸಲಾಗದು ಎಂಬ ತತ್ವವನ್ನು ಒಪ್ಪಬೇಕು. ಆದರೂ ಆ ಆರು ಭ್ರೂಣಗಳ ನೆನಪು ಮನಸ್ಸನ್ನು ಕುಟುಕದೆ ಬಿಡುವುದಿಲ್ಲ.

ಈಗ ನಮ್ಮ ಕಾಯ್ದೆಯತ್ತ ಬರೋಣ. ಅದರಲ್ಲಿ ಮೆಚ್ಚಬೇಕಾದದ್ದು ಬಹಳವಿದೆ. ಭ್ರೂಣದ ಮಾರಾಟ ಅಪರಾಧ. ಮೊದಲ ಸಲ 5ರಿಂದ 10 ಲಕ್ಷ ರೂಪಾಯಿ ದಂಡ, ಮರುಕಳಿಸಿದರೆ 3ರಿಂದ 8 ವರ್ಷ ಜೈಲು ಮತ್ತು ಇನ್ನೂ ಹೆಚ್ಚಿನ ದಂಡ. ದಂಪತಿಯಲ್ಲಿ ಒಬ್ಬರು ತೀರಿಕೊಂಡರೆ ಏನು ಮಾಡಬೇಕೆಂಬುದನ್ನು ಮೊದಲೇ ಲಿಖಿತವಾಗಿ ಪಡೆಯದೆ ಭ್ರೂಣ ಫ್ರೀಜ್ ಮಾಡುವಂತಿಲ್ಲ. ಭ್ರೂಣ ವ್ಯಾಪಾರದ ಸರಕಾಗಬಹುದೆಂಬ ಭಯ ನಿಜವಾಗಿಯೂ ಇದ್ದ ದೇಶದಲ್ಲಿ ಇವು ಸಣ್ಣ ರಕ್ಷಣೆಗಳಲ್ಲ.

28ನೇ ಸೆಕ್ಷನ್‌ಗೆ ಬಂದಾಗ ಮಾತ್ರ ಕಾಯ್ದೆಯ ಕಾಳಜಿ ತೆಳುವಾಗುತ್ತದೆ. ಭ್ರೂಣವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಆಮೇಲೆ ಅದು ತೋರಿಸುವ ದಾರಿ ಎರಡೇ: ನಶಿಸಲು ಬಿಡುವುದು, ಇಲ್ಲವೇ ದಂಪತಿಯ ಒಪ್ಪಿಗೆ ಪಡೆದು ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡುವುದು. 24ರ ಹರೆಯದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಮುನ್ನ ಭ್ರೂಣ ಇಟ್ಟವಳಿಗೂ 40ರಲ್ಲಿ ಇಟ್ಟವಳಿಗೂ ಒಂದೇ ಗಡುವು. ಹಳೆಯ ಪಾಠ ಕಲಿತ ಬ್ರಿಟನ್ 2022ರಿಂದ ಹತ್ತು ವರ್ಷಕ್ಕೊಮ್ಮೆ ಒಪ್ಪಿಗೆ ನವೀಕರಿಸುತ್ತ 55 ವರ್ಷದವರೆಗೂ ಇಡಬಹುದೆಂದು ಬದಲಿಸಿಕೊಂಡಿದೆ. ಅಷ್ಟು ದೀರ್ಘಾವಧಿ ಬೇಕೇ ಎಂದು ಕೇಳಬಹುದು, ಆದರೆ ಕಾಲಕಾಲಕ್ಕೆ ಮತ್ತೆ ಕೇಳಬೇಕು ಎಂಬ ತಿಳಿವಳಿಕೆ ಅದರಲ್ಲಿದೆ.

ಸಂಶೋಧನೆ ಎಂಬ ದಾರಿ ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಮನೀಷಾ ಇನಾಮದಾರ್ ಅವರ ತಂಡ, ಗುಣಮಟ್ಟ ಸಾಲದೆಂದು ಬದಿಗಿಟ್ಟ ಭ್ರೂಣಗಳಿಂದ ಎರಡು ಆಕರಕೋಶ ತಳಿಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿತು. ಗರ್ಭಕ್ಕೆ ಸೇರಿಸಲು ಯಾರೂ ಆರಿಸದ ಭ್ರೂಣಗಳವು. ವೈಜ್ಞಾನಿಕ ಪ್ರಬಂಧದ ಶೀರ್ಷಿಕೆಯೇ ಆ ಎರಡು ತಳಿಗಳನ್ನು ಒಡಹುಟ್ಟಿದವು ಎಂದು ಕರೆಯುತ್ತದೆ, ಏಕೆಂದರೆ ಅವು ಒಂದೇ ದಂಪತಿಯ ಭ್ರೂಣಗಳಿಂದ ಬಂದವು. ಉಳಿದದ್ದು ವ್ಯರ್ಥವಾಗಲಿಲ್ಲ ಎಂಬ ಸಮಾಧಾನ ಕೆಲವರಿಗೆ ಇಲ್ಲಿ ಸಿಗುತ್ತದೆ. ಮಗುವಿಗೆಂದು ಮಾಡಿದ್ದನ್ನು ಪ್ರಯೋಗಕ್ಕೆ ಕೊಡಲು ಕೆಲವರ ಮನಸ್ಸು ಒಪ್ಪುವುದೇ ಇಲ್ಲ. ಇಬ್ಬರ ಮನಸ್ಸೂ ನ್ಯಾಯವಾದದ್ದೇ. ಹೊರದೇಶಗಳ ಕೆಲವು ಕೇಂದ್ರಗಳಲ್ಲಿ ಮತ್ತೊಂದು ದಾರಿಯಿದೆ: ಗರ್ಭ ನಿಲ್ಲುವ ಸಂಭವವಿಲ್ಲದ ದಿನಗಳಲ್ಲಿ ಭ್ರೂಣವನ್ನು ತಾಯಿಯ ಒಡಲಿಗೇ ಸೇರಿಸಿ ಅಲ್ಲೇ ಮುಗಿಯಗೊಡುವುದು. ವಿಜ್ಞಾನಕ್ಕೆ ಅದರಿಂದ ಏನೂ ಲಾಭವಿಲ್ಲ. ಒಂದು ವಿದಾಯಕ್ಕೆ ಅಷ್ಟು ಅವಕಾಶ ಮಾಡಿಕೊಡುವುದರಲ್ಲಿ ತಪ್ಪೂ ಇಲ್ಲ.

2025ರ ಅಕ್ಟೋಬರ್ 9ರಂದು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ನೇತೃತ್ವದ ಸುಪ್ರೀಂ ಕೋರ್ಟ್ ಪೀಠ, ಬಾಡಿಗೆ ತಾಯ್ತನದ ಹೊಸ ಕಾನೂನು ಬರುವ ಮೊದಲೇ ಭ್ರೂಣ ಫ್ರೀಜ್ ಮಾಡಿಸಿ ಅದಕ್ಕೆ ಸಿದ್ಧರಾಗಿದ್ದ ದಂಪತಿಗೆ ಆಮೇಲೆ ಬಂದ ವಯೋಮಿತಿ ಅನ್ವಯಿಸದು ಎಂದಿತು. ಫ್ರೀಜ್ ಮಾಡಿದ ಭ್ರೂಣದಲ್ಲಿ ಇಬ್ಬರ ಗಟ್ಟಿ ಸಂಕಲ್ಪವನ್ನು ಕೋರ್ಟು ಗುರುತಿಸಿತು. ಸಂಕಲ್ಪ ಇರುವಾಗ ತೋರಿದ ಈ ಸೂಕ್ಷ್ಮತೆಯನ್ನು, ಅದು ಮುಗಿದಾಗಲೂ ಕಾನೂನು ತೋರಬೇಕು. ಅದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ಎಷ್ಟು ಅಂಡಾಣುಗಳನ್ನು ಫಲಿತಗೊಳಿಸಬೇಕು ಎಂಬುದನ್ನು ಮೊದಲ ದಿನವೇ ದಂಪತಿಯ ಜೊತೆ ಕೂತು ಮಾತಾಡುವುದು, ಮಗು ಹುಟ್ಟಿದ ಮೇಲೆ ಇನ್ನೊಮ್ಮೆ ಕೇಳುವುದು, ಟ್ಯಾಂಕುಗಳಲ್ಲಿ ಎಷ್ಟು ಭ್ರೂಣಗಳಿವೆ ಎಂಬ ಲೆಕ್ಕವನ್ನು ರಾಷ್ಟ್ರೀಯ ನೋಂದಣಿ ಪಟ್ಟಿ ಪ್ರತಿ ವರ್ಷ ಪ್ರಕಟಿಸುವುದು. ಇಷ್ಟು ನಿಯಮಗಳಲ್ಲೇ ಆಗಬಹುದು.

ಸಮಯವೂ ಬಹಳ ಇಲ್ಲ. ಕಾಯ್ದೆ ಜಾರಿಯಾದದ್ದು 2022ರ ಜನವರಿ 25ರಂದು. ಆ ದಿನ ಫ್ರೀಜ್ ಮಾಡಿದ ಭ್ರೂಣಗಳ ಗಡುವು 2032ರ ಜನವರಿಯಲ್ಲಿ ಮುಗಿಯುತ್ತದೆ. ಬ್ರಿಟನ್ನಿನ ಹಾಗೆ ನಮ್ಮ ಆಸ್ಪತ್ರೆಗಳೂ ಆಗ ಪತ್ರ ಬರೆಯಬೇಕಾಗುತ್ತದೆ. ದಾವಣಗೆರೆಯಿಂದಲೋ ಹಾಸನದಿಂದಲೋ ಬೆಂಗಳೂರಿಗೆ ಬಂದು, ಊರಲ್ಲಿ ನೆಂಟರ ಮನೆಗೆ ಹೋಗಿದ್ದೆವು ಎಂದು ಹೇಳಿ ಚಿಕಿತ್ಸೆ ಪಡೆದವರು ಎಷ್ಟೋ ಜನ. ಮಗುವಿನ ಹುಟ್ಟು ಹೇಗಾಯಿತೆಂಬುದು ಅತ್ತೆ ಮಾವನಿಗೂ ತಿಳಿಯದ ಮನೆಗಳಿವೆ. ಅಂಥ ಮನೆಯ ಬಾಗಿಲಿಗೆ ಆಸ್ಪತ್ರೆಯ ಹೆಸರು ಹೊತ್ತ ಲಕೋಟೆ ಬಂದರೆ ಅದನ್ನು ಮೊದಲು ಯಾರು ಒಡೆದು ಓದುತ್ತಾರೆ ಎಂಬುದನ್ನೂ ಪತ್ರ ಬರೆಯುವವರು ಈಗಲೇ ಯೋಚಿಸಬೇಕಿದೆ.