ಕಿಮ್ ಯೂನಾ ಮತ್ತು 0.09 ಅಂಕ

ದಕ್ಷಿಣ ಕೊರಿಯಾದ ಫಿಗರ್ ಸ್ಕೇಟರ್ ಕಿಮ್ ಯೂನಾ ಅವರ ಮಾತು ಬಂದರೆ ಸಾಕು, ಅದು ಸೋಚಿ ಒಲಿಂಪಿಕ್ಸ್‌ಗೆ ಹೋಗಿ ನಿಲ್ಲುತ್ತದೆ. 2014ರ ಫೆಬ್ರವರಿಯಲ್ಲಿ ಅವರಿಗೆ ಚಿನ್ನ ತಪ್ಪಿತೇ, ಯಾರಾದರೂ ತಪ್ಪಿಸಿದರೇ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಆ ಜಗಳದಲ್ಲಿ ನನಗೂ ಒಂದು ಪಕ್ಷವಿದೆ, ಮುಂದೆ ಹೇಳುತ್ತೇನೆ. ಆದರೆ ಇಂಥ ಸ್ಕೇಟರ್ ಒಬ್ಬರ ಬಾಳಿನ ದುಡಿಮೆಯನ್ನು ಒಂದು ರಾತ್ರಿಯ ಅಂಕಪಟ್ಟಿಗೆ ಕಟ್ಟಿಹಾಕಿರುವುದು, ಪದಕ ಕೈತಪ್ಪಿದ್ದಕ್ಕಿಂತ ದೊಡ್ಡ ಅನ್ಯಾಯ.

1990ರ ಸೆಪ್ಟೆಂಬರ್ 5ರಂದು ಬುಚನ್‌ನಲ್ಲಿ ಹುಟ್ಟಿದ ಯೂನಾ ಬೆಳೆದದ್ದು ಸೋಲ್ ಸಮೀಪದ ಗುನ್ಪೊದಲ್ಲಿ. ಆಗ ದಕ್ಷಿಣ ಕೊರಿಯಾ ಶಾರ್ಟ್ ಟ್ರ್ಯಾಕ್ ಸ್ಕೇಟಿಂಗ್ ಓಟದಲ್ಲಿ ಒಲಿಂಪಿಕ್ ಪದಕಗಳನ್ನು ಬಾಚುತ್ತಿತ್ತು. ಫಿಗರ್ ಸ್ಕೇಟಿಂಗ್‌ನಲ್ಲಿ ಒಂದೇ ಒಂದು ಪದಕವೂ ಇರಲಿಲ್ಲ. ಫಿಗರ್ ಸ್ಕೇಟರ್‌ಗಳಿಗೆಂದೇ ಮೀಸಲಾದ ರಿಂಕ್ ಕೂಡ ಇರಲಿಲ್ಲ. ಸಾರ್ವಜನಿಕರು ಆಡಿ ಹೋದ ಮೇಲೆ ಉಳಿದ ಹೊತ್ತಿನಲ್ಲಿ ಅಭ್ಯಾಸ ಮಾಡಬೇಕಿತ್ತು. ಹಾಗೆ ಬೆಳೆದ ಹುಡುಗಿ 2006ರಲ್ಲಿ ಜಪಾನಿನ ಮಾವೊ ಅಸಾದಾರನ್ನು ಹಿಂದಿಕ್ಕಿ ಜೂನಿಯರ್ ವಿಶ್ವ ಚಾಂಪಿಯನ್ ಆದಳು. ಬಳಿಕ ಟೊರಾಂಟೊದಲ್ಲಿ ಕೋಚ್ ಬ್ರಯಾನ್ ಆರ್ಸರ್ ಮತ್ತು ನೃತ್ಯ ಸಂಯೋಜಕ ಡೇವಿಡ್ ವಿಲ್ಸನ್ ಅವರ ಕೈಗೆ ಸಿಕ್ಕಳು.

ಅವರ ಹೆಚ್ಚುಗಾರಿಕೆ ಎಲ್ಲಿದೆ? ಅವರ ಲುಟ್ಜ್ ಜಿಗಿತವೊಂದನ್ನೇ ಗಮನಿಸಿ ನೋಡಿದರೂ ಗೊತ್ತಾಗುತ್ತದೆ. ಲುಟ್ಜ್‌ನಲ್ಲಿ ಸ್ಕೇಟರ್ ಹಿಮ್ಮುಖವಾಗಿ ಜಾರುತ್ತಾ, ಬ್ಲೇಡಿನ ಹೊರ ಅಂಚಿನ ಮೇಲೆ ಒಂದು ದಿಕ್ಕಿಗೆ ಬಾಗಿ ಬಂದು, ಅದಕ್ಕೆ ವಿರುದ್ಧ ದಿಕ್ಕಿಗೆ ಸುತ್ತುತ್ತಾ ಏಳಬೇಕು. ದೇಹಕ್ಕೆ ಇದು ಒಗ್ಗದ ಕೆಲಸ. ಆದ್ದರಿಂದಲೇ ಅನೇಕರು ಕೊನೆಯ ಕ್ಷಣದಲ್ಲಿ ಒಳ ಅಂಚಿಗೆ ಹೊರಳಿಬಿಡುತ್ತಾರೆ, ಇಲ್ಲವೇ ಜಿಗಿಯುವ ಮೊದಲು ವೇಗ ತಗ್ಗಿಸಿ ಸಾವರಿಸಿಕೊಳ್ಳುತ್ತಾರೆ. ಯೂನಾ ಎರಡನ್ನೂ ಮಾಡಲಿಲ್ಲ. ರಿಂಕಿನ ಉದ್ದಕ್ಕೂ ವೇಗ ಕೂಡಿಸಿಕೊಂಡು ಬಂದು, ಆ ವೇಗದಲ್ಲೇ ಎದ್ದು, ದೂರ ಹಾರಿ ಇಳಿದು, ಇಳಿದ ಕಾಲಿನಲ್ಲೇ ಮತ್ತೊಂದು ಮೂರು ಸುತ್ತಿನ ಟೋ ಲೂಪ್ ಹಾರುತ್ತಿದ್ದರು. ಎರಡನೆಯದು ಮುಗಿದಾಗಲೂ ಅವರಲ್ಲಿ ಓಟ ಉಳಿದಿರುತ್ತಿತ್ತು.

ಹೀಗೆ ಓಟ ಉಳಿಯುವುದು ಬರೀ ಕಸರತ್ತಿನ ವಿಷಯವಲ್ಲ. ವೇಗ ಮುರಿಯದಿದ್ದರೆ ಸಂಗೀತವೂ ಮುರಿಯುವುದಿಲ್ಲ. ಭರತನಾಟ್ಯ ನೋಡುವವರು ನೃತ್ತ ಬೇರೆ, ಅಭಿನಯ ಬೇರೆ ಎಂದು ಗುರುತಿಸಿ, ಎರಡೂ ಬೆಸೆದುಕೊಂಡ ಗಳಿಗೆಗಾಗಿ ಕಾಯುತ್ತಾರಲ್ಲ, ಆ ಗಳಿಗೆ ಯೂನಾ ಅವರ ಪ್ರದರ್ಶನದಲ್ಲಿ ಮತ್ತೆ ಮತ್ತೆ ಬರುತ್ತದೆ. 2008-09ರಲ್ಲಿ ಸೆಂ-ಸಾನ್ಸ್ ಅವರ 'ಡಾನ್ಸ್ ಮಕಾಬ್ರ್' ಸಂಗೀತಕ್ಕೆ ಕಪ್ಪು ಉಡುಪಿನಲ್ಲಿ ಮಾಡಿದ ಶಾರ್ಟ್ ಪ್ರೋಗ್ರಾಂ (ಸ್ಪರ್ಧೆಯ ಮೊದಲ, ಚಿಕ್ಕ ಸುತ್ತು) ಇದಕ್ಕೆ ಒಳ್ಳೆಯ ಉದಾಹರಣೆ. ಸಾವಿನ ಕುಣಿತದ ಆ ಸಂಗೀತದಲ್ಲಿ ಅವರ ನೋಟ, ಭುಜ, ಜಿಗಿತ ಎಲ್ಲವೂ ಒಂದೇ ಬೆದರಿಕೆಯನ್ನು ಆಡುತ್ತವೆ. ಆ ಋತುವಿನ ಲಾಸ್ ಏಂಜಲೀಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಪಡೆದದ್ದು 207.71 ಅಂಕ. ಈಗಿನ ಅಂಕ ಪದ್ಧತಿ ಬಂದ ಮೇಲೆ ಮಹಿಳೆಯೊಬ್ಬರು 200 ದಾಟಿದ್ದು ಅದೇ ಮೊದಲು.

2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಶಾರ್ಟ್ ಪ್ರೋಗ್ರಾಂನ ಜೇಮ್ಸ್ ಬಾಂಡ್ ಸಂಗೀತಕ್ಕೆ 78.50, ಎರಡನೇ ಸುತ್ತಾದ ಫ್ರೀ ಸ್ಕೇಟ್‌ನ ಗರ್ಷ್ವಿನ್ ಕಾನ್ಸರ್ಟೊಗೆ 150.06; ಒಟ್ಟು 228.56. ಎರಡನೆಯವರಾದ ಮಾವೊಗಿಂತ 23.06 ಹೆಚ್ಚು. ಮಾವೊ ಆ ಕೂಟದಲ್ಲಿ ಮೂರೂವರೆ ಸುತ್ತಿನ ಆಕ್ಸೆಲ್ ಜಿಗಿತವನ್ನು ಮೂರು ಬಾರಿ ಮಾಡಿದ್ದರು. ಒಂದೇ ಒಲಿಂಪಿಕ್ಸ್‌ನಲ್ಲಿ ಅದಕ್ಕೂ ಮೊದಲು ಯಾವ ಮಹಿಳೆಯೂ ಮಾಡದ ಸಾಹಸ ಅದು. ಅತಿ ಕಷ್ಟದ ಜಿಗಿತ ಮಾವೊ ಅವರದಾಗಿತ್ತು, ಮಾಡಿದ್ದರ ಗುಣದಲ್ಲಿ ಯೂನಾ ಮುಂದಿದ್ದರು. ಫಲಿತಾಂಶ ಸರಿಯೇ ಇತ್ತು ಎನ್ನುವುದು ನನ್ನ ಅಭಿಪ್ರಾಯ. ಆದರೆ ಅಂತರವನ್ನು ಅಷ್ಟು ಹಿಗ್ಗಿಸಿದ್ದು ತೀರ್ಪುಗಾರರ ವಿವೇಚನೆಗೆ ಬಿಟ್ಟ ಅಂಕಗಳು ಎಂಬುದನ್ನು ಯೂನಾ ಅಭಿಮಾನಿಗಳು ಮರೆಯಬಾರದು. ಸೋಚಿಯಲ್ಲಿ ಆ ವಿವೇಚನೆಯೇ ತಿರುಗಿಬಿತ್ತು. ಪದ್ಧತಿಯನ್ನು ಬೈಯುವವರು ಎರಡೂ ಕಡೆ ಬೈಯಬೇಕು.

ಅವರ ಮಿತಿಗಳನ್ನೂ ಹೇಳಬೇಕು. ಮೂರು ಸುತ್ತಿನ ಲೂಪ್ ಜಿಗಿತ ಅವರಿಗೆ ಎಂದೂ ನೆಚ್ಚಿಕೆಯದಾಗಲಿಲ್ಲ. ಕೊನೆಕೊನೆಗೆ ಅದನ್ನು ಕೈಬಿಟ್ಟೇ ಕಾರ್ಯಕ್ರಮ ಕಟ್ಟುತ್ತಿದ್ದರು. ಸೊಂಟ ಮತ್ತು ಬೆನ್ನಿನ ನೋವು ಬಿಡದೆ ಕಾಡಿತು. ವ್ಯಾಂಕೂವರ್ ಚಿನ್ನದ ಮರುತಿಂಗಳು ಟ್ಯೂರಿನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಶಾರ್ಟ್ ಪ್ರೋಗ್ರಾಂನಲ್ಲೇ ಏಳನೇ ಸ್ಥಾನಕ್ಕೆ ಜಾರಿ, ಕೊನೆಗೆ ಬೆಳ್ಳಿಗೆ ಏರಿದರು. ಹಾಗಿದ್ದರೂ ಅಂತರರಾಷ್ಟ್ರೀಯ ಕಣದಲ್ಲಿ, ಜೂನಿಯರ್ ದಿನಗಳಿಂದ ಕೊನೆಯ ಸ್ಪರ್ಧೆಯವರೆಗೆ, ಅವರು ಮೊದಲ ಮೂರು ಸ್ಥಾನಗಳಿಂದ ಕೆಳಗೆ ಇಳಿಯಲೇ ಇಲ್ಲ.

ನನ್ನ ಮಟ್ಟಿಗೆ ಅವರ ಶ್ರೇಷ್ಠ ಕೃತಿ ವ್ಯಾಂಕೂವರ್‌ನದಲ್ಲ, 2013ರ ಮಾರ್ಚ್‌ನಲ್ಲಿ ಕೆನಡಾದ ಲಂಡನ್ ನಗರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡಿದ ಫ್ರೀ ಸ್ಕೇಟ್ 'ಲೆ ಮಿಸೆರಾಬ್ಲ್'. ಅದಕ್ಕೂ ಮೊದಲು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅವರು ಸ್ಪರ್ಧೆಯಿಂದ ದೂರವಿದ್ದರು. ಗರ್ಷ್ವಿನ್‌ನಲ್ಲಿ ಹರೆಯದ ಲವಲವಿಕೆ ಇತ್ತು. ಇಲ್ಲಿ ಸ್ಪರ್ಧೆಯ ಹಂಗು ತೊರೆದವರ ನಿರಾಳತೆ ಇದೆ. ಜಿಗಿತಕ್ಕೆ ಮುನ್ನ ಮುಖದಲ್ಲಿ ಬರುವ ಆತಂಕ ಮಾಯವಾಗಿದೆ, ಕೈಗಳು ಆತುರಪಡುವುದಿಲ್ಲ, ಜಿಗಿತ ಯಾವಾಗ ಬಂದು ಹೋಯಿತೆಂದು ತಿಳಿಯದ ಹಾಗೆ ನಾಲ್ಕು ನಿಮಿಷ ಸರಿದುಹೋಗುತ್ತದೆ. 218.31 ಅಂಕ, ಎರಡನೆಯವರಿಗಿಂತ ಇಪ್ಪತ್ತಕ್ಕೂ ಹೆಚ್ಚು. ಪದಕ ಪ್ರದಾನದ ವೇಳೆ ಕೆನಡಾದ ಗಾಯಕವೃಂದವೊಂದು ಕೊರಿಯಾದ ರಾಷ್ಟ್ರಗೀತೆಯನ್ನು ಕೊರಿಯನ್ ಭಾಷೆಯಲ್ಲೇ ಹಾಡಿತು. ಆ ಗೆಲುವಿನಿಂದ ಸೋಚಿಗೆ ಹೋಗುವ ಅವಕಾಶ ಇನ್ನಿಬ್ಬರು ಕೊರಿಯನ್ ಹುಡುಗಿಯರಿಗೂ ಸಿಕ್ಕಿತು.

ಈಗ ಸೋಚಿಗೆ ಬರೋಣ. ಪಾದದ ಗಾಯದಿಂದ ಅವರ ಋತುವಿನ ಮೊದಲರ್ಧ ಹಾಳಾಗಿತ್ತು. ಪಿಯಾಸೊಲ್ಲಾ ತನ್ನ ತಂದೆ ತೀರಿಕೊಂಡಾಗ ರಚಿಸಿದ 'ಅದಿಯೋಸ್ ನೊನಿನೊ' ಅವರ ಕೊನೆಯ ಫ್ರೀ ಸ್ಕೇಟ್. ತಪ್ಪಿಲ್ಲದೆ ಮುಗಿಸಿದರು. ಆದರೆ ಹಿಂದಿನ ವರ್ಷದ ಬಿಡುಬೀಸು ಅದರಲ್ಲಿರಲಿಲ್ಲ. ಟ್ಯಾಂಗೊ ಬೇಡುವ ಚೂಪು ಅಲ್ಲಲ್ಲಿ ಮೊಂಡಾಗಿತ್ತು. ರಷ್ಯಾದ ಅದೆಲಿನಾ ಸೊಟ್ನಿಕೋವಾ ಏಳು ಮೂರು-ಸುತ್ತಿನ ಜಿಗಿತ ಮಾಡಿದರು, ಯೂನಾ ಆರು. ಸೊಟ್ನಿಕೋವಾರ ಒಂದು ಇಳಿತದಲ್ಲಿ ಕಾಲು ತಪ್ಪಿತು ನಿಜ, ಆದರೂ ತಾಂತ್ರಿಕ ಅಂಕದಲ್ಲಿ ಅವರು ಮುಂದಿರುವುದಕ್ಕೆ ಕಾರಣಗಳಿದ್ದವು: 75.54ಕ್ಕೆ 69.69. ಅಷ್ಟು ಅಂತರ ಹೆಚ್ಚಾಯಿತು ಎನ್ನಬಹುದು, ಆದರೆ ಆ ವಾದದಲ್ಲಿ ಎರಡು ಕಡೆಗೂ ಮಾತಿದೆ.

ಒಪ್ಪಲಾಗದ್ದು ಇನ್ನೊಂದು ಸಾಲು. ಸ್ಕೇಟಿಂಗ್ ಕೌಶಲ, ಚಲನೆಗಳ ಹೆಣಿಗೆ, ಪ್ರಸ್ತುತಿ, ಸಂಯೋಜನೆ, ಸಂಗೀತದ ಅರ್ಥಗಾರಿಕೆ ಈ ಐದಕ್ಕೂ ಆಗ ಕೊಡುತ್ತಿದ್ದ ಅಂಕದಲ್ಲಿ ಯೂನಾಗೆ 74.50, ಸೊಟ್ನಿಕೋವಾಗೆ 74.41. ವ್ಯತ್ಯಾಸ 0.09. ಹದಿನೇಳು ವರ್ಷದ ಆ ಹುಡುಗಿ ಹುರುಪಿನಿಂದ, ಧೈರ್ಯದಿಂದ ಆಡಿದಳು, ಅವಳ ಮೇಲೆ ದೂರಿಲ್ಲ. ಆದರೆ ಸಂಗೀತವನ್ನು ಒಳಗಿನಿಂದ ಕೇಳಿಸಿಕೊಂಡು ಜಾರುವ ಸ್ಕೇಟರ್‌ಗೂ, ಸಂಗೀತದ ಮೇಲೆ ಜಿಗಿತಗಳನ್ನು ಜೋಡಿಸುವ ಸ್ಕೇಟರ್‌ಗೂ ಈ ಕ್ರೀಡೆ ಹೆಚ್ಚುಕಡಿಮೆ ಒಂದೇ ಬೆಲೆ ಕಟ್ಟಿತು. ಒಟ್ಟು 224.59ಕ್ಕೆ 219.11, ಯೂನಾಗೆ ಬೆಳ್ಳಿ. ತೀರ್ಪುಗಾರರಲ್ಲಿ ರಷ್ಯಾದ ಫಿಗರ್ ಸ್ಕೇಟಿಂಗ್ ಫೆಡರೇಷನ್ನಿನ ಮಾಜಿ ಅಧ್ಯಕ್ಷರ ಪತ್ನಿಯೂ ಇದ್ದರು, ಯಾರು ಎಷ್ಟು ಕೊಟ್ಟರೆಂಬುದು ಗುಟ್ಟಾಗಿತ್ತು. ಕೊರಿಯಾದ ದೂರನ್ನು ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ತಳ್ಳಿಹಾಕಿತು. ಆದರೆ ಅನಾಮಧೇಯ ತೀರ್ಪಿನ ಪದ್ಧತಿಯನ್ನು 2016ರಲ್ಲಿ ಅದೇ ಒಕ್ಕೂಟ ರದ್ದುಮಾಡಬೇಕಾಯಿತು.

ಯೂನಾ ಸ್ವತಃ ಫಲಿತಾಂಶದ ವಿರುದ್ಧ ಹೋರಾಟಕ್ಕೆ ಇಳಿಯಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಸೋಲ್‌ನ ಐಸ್ ಶೋದಲ್ಲಿ ಅಭಿಮಾನಿಗಳಿಗೆ ವಿದಾಯ ಹೇಳಿದರು. 2018ರಲ್ಲಿ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಜ್ಯೋತಿ ಬೆಳಗಿಸಿದ್ದು ಅವರೇ. ಅವರನ್ನು ನೋಡಿ ಬ್ಲೇಡು ಕಟ್ಟಿಕೊಂಡ ಮಕ್ಕಳನ್ನು ಕೊರಿಯಾದಲ್ಲಿ 'ಯೂನಾ ಕಿಡ್ಸ್' ಎನ್ನುತ್ತಾರೆ. 2023ರ ಸೈತಾಮಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆ ಪೀಳಿಗೆಯ ಲೀ ಹೇ-ಇನ್ ಮಹಿಳೆಯರಲ್ಲಿ, ಚಾ ಜುನ್-ಹ್ವಾನ್ ಪುರುಷರಲ್ಲಿ ಬೆಳ್ಳಿ ಗೆದ್ದರು.

ಯೂನಾ ಅವರನ್ನು ಮೊದಲ ಸಲ ನೋಡುವವರು ಸೋಚಿಯಿಂದ ಶುರುಮಾಡಬೇಡಿ. 2013ರ 'ಲೆ ಮಿಸೆರಾಬ್ಲ್' ನೋಡಿ, ಆಮೇಲೆ 2009ರ 'ಡಾನ್ಸ್ ಮಕಾಬ್ರ್' ನೋಡಿ. ಅಂಕಗಳ ಜಗಳ ಅದಾದ ಮೇಲೆ ಇದ್ದೇ ಇದೆ.